ಒಂಬತ್ತನೇ ತರಗತಿಯವರು ಕಟ್ಟಿದ ಗೋಡೆಯನ್ನು ಕೆಡವಿಸುವವರಿಗೆ

ಹೊಸಹೊಳಲು
೧೭ ಫೆಬ್ರವರಿ ೧೯೯೭

ಮಾನ್ಯ ಯೋಜನಾಧಿಕಾರಿಗಳೇ,

ಒಂಬತ್ತನೇ ತರಗತಿಯ ಹತ್ತೊಂಬತ್ತು ಮಕ್ಕಳು ಮೂರು ತಿಂಗಳು ಮೈಮುರಿದು ದುಡಿದು ತಮ್ಮ ಶಾಲೆಯ ಹೆಣ್ಣುಮಕ್ಕಳಿಗಾಗಿ ಎರಡು ಕೋಣೆಯ ಶೌಚಾಲಯ ಕಟ್ಟಿದ್ದಾರೆ. ಅದನ್ನು ಈ ತಿಂಗಳ ಇಪ್ಪತ್ತೆಂಟರೊಳಗೆ ಅದೇ ಮಕ್ಕಳ ಕೈಯಿಂದ ಕೆಡವಿಸಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಕೆಡವದಿದ್ದರೆ ಅವರ ಪ್ರಾಯೋಗಿಕ ಅಂಕಗಳನ್ನು ಪರಿಗಣಿಸುವುದಿಲ್ಲವೆಂದೂ ಬರೆದಿದ್ದೀರಿ. ಮೊದಲ ಸಲ ಓದಿದಾಗ ಟೈಪು ಮಾಡಿದವರು ಎಡವಿರಬೇಕು ಎಂದುಕೊಂಡೆ. ನಾಲ್ಕನೇ ಸಲ ಓದಿದ ಮೇಲೆ, ಇಲ್ಲ, ಸಾಹೇಬರು ಹೇಳುತ್ತಿರುವುದು ಇದನ್ನೇ ಎಂದು ಖಾತ್ರಿಯಾಯಿತು. ಮೂರು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಕಚೇರಿಯಲ್ಲಿ ಪತ್ರಿಕೆಯನ್ನಾದರೂ ಓದುತ್ತಾರೆಂದು ಕೇಳಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ನನ್ನನ್ನು ನೇಮಿಸಿದವರು ತಾವೇ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಪ್ರೌಢಶಾಲೆಯನ್ನು ಆರಿಸಿ ಮಕ್ಕಳಿಗೆ ಕಟ್ಟಡದ ಕಸುಬು ಕಲಿಸುವ ಯೋಜನೆ ತಂದಿರಿ. ನಮ್ಮ ತಾಲ್ಲೂಕಿನ ಶಾಲೆಗೆ ನಾನು ಬೋಧಕ. ಶಾಲೆಯ ಹೆಸರು ಬರೆಯುವುದಿಲ್ಲ, ಬರೆದರೆ ಪಾಪ ಹೆಡ್ ಮಾಸ್ತರಿಗೆ ಇನ್ನೊಂದು ನೋಟಿಸು ಬರುತ್ತದೆ. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು ಎರಡು ಸಲವೂ ಉರುಳಿದವನು ನಾನು. ಆದರೆ ಬೆಳಗೊಳದಿಂದ ನಾಗಮಂಗಲದವರೆಗೆ ಇಪ್ಪತ್ತೆಂಟು ವರ್ಷ ಮನೆ ಕಟ್ಟಿದ್ದೇನೆ, ಬಿದ್ದದ್ದು ಒಂದೂ ಇಲ್ಲ. ಪ್ಯಾಂಟು ಹಾಕಿಕೊಂಡು ಕರಿಹಲಗೆಯ ಮುಂದೆ ನಿಂತ ಮೊದಲ ದಿನ, ನನ್ನ ಕಸುಬಿಗೂ ಒಂದು ಪೀರಿಯಡ್ಡು ಸಿಕ್ಕಿತಲ್ಲ ಎಂದು ಕಣ್ಣು ತುಂಬಿ ಬಂದಿತ್ತು. ಈ ಮಾತನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ತಮ್ಮ ಕೈಪಿಡಿಯ ಪ್ರಕಾರ ಮಕ್ಕಳು ಮಣ್ಣಿನ ಗಾರೆಯಲ್ಲಿ ಆರಡಿ ಉದ್ದ, ನಾಲ್ಕಡಿ ಎತ್ತರದ ಗೋಡೆ ಕಟ್ಟಬೇಕು. ಪರೀಕ್ಷಕರು ಬಂದು ಅಂಕ ಕೊಟ್ಟ ಮೇಲೆ ಅದನ್ನು ಕೆಡವಿ, ಇಟ್ಟಿಗೆ ತೊಳೆದು, ಮುಂದಿನ ತಂಡಕ್ಕೆ ಎತ್ತಿಡಬೇಕು. ಮೊದಲ ವರ್ಷ ಹಾಗೆಯೇ ಮಾಡಿದೆವು. ಗೋಡೆಯೋ ಗೋಡೆ! ದಾರ ಕಟ್ಟುವವರಿಲ್ಲ, ತೂಕದ ಗುಂಡು ಇಳಿಬಿಟ್ಟು ನೋಡುವವರಿಲ್ಲ, ಮೂಲೆ ಒಂದು ಕಡೆಗೆ, ತಲೆ ಒಂದು ಕಡೆಗೆ. ತಿಮ್ಮರಾಜು ಎಂಬ ಹುಡುಗ ಕೈ ಚುರುಕಿನವನು, ಅವನೂ ವಕ್ರವಾಗಿಯೇ ಕಟ್ಟಿದ. ಗದರಿದೆ. ಅವನು ತಲೆ ಕೂಡ ಎತ್ತದೆ, "ಎಂಗಿದ್ರೂ ಕೆಡವೋದೇ ಅಲ್ವಾ ಸಾ, ನೆಟ್ಟಗೆ ಯಾಕ್ ಕಟ್ಬೇಕು?" ಎಂದ. ಉತ್ತರ ಹುಡುಕಿ ತಮ್ಮ ಕೈಪಿಡಿಯನ್ನು ತಿರುವಿ ಹಾಕಿದೆ, ಸಿಗಲಿಲ್ಲ. ಹೊಲಿಗೆ ಕ್ಲಾಸಿನ ಹುಡುಗಿಯರಿಗೆ, ಹೊಲಿದ ಲಂಗವನ್ನು ಬಿಚ್ಚಿ ಬಟ್ಟೆಯನ್ನು ದಾಸ್ತಾನಿಗೆ ಒಪ್ಪಿಸಿ ಎಂದು ತಾವು ಹೇಳುತ್ತೀರಾ? ಬರೆದ ನಿಬಂಧವನ್ನು ಅಳಿಸಿ ಹಾಳೆ ಹಿಂದಿರುಗಿಸಿ ಎನ್ನುತ್ತೀರಾ? ಗಾರೆ ಕೆಲಸದವನ ಮೇಲೆ ಮಾತ್ರ ಯಾಕೆ ಈ ಪ್ರೀತಿ? ಕೈಪಿಡಿಯ ಮೊದಲ ಪುಟದಲ್ಲೇ 'ಶ್ರಮಗೌರವ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ.

ಎರಡನೇ ವರ್ಷ ಈ ವಿಷಯಕ್ಕೆ ಹದಿನೆಂಟು ಹುಡುಗರ ಜೊತೆ ಒಬ್ಬಳು ಹುಡುಗಿ ಹೆಸರು ಕೊಟ್ಟಳು. ಪ್ರಮೀಳಾ. ಅವಳ ತಾಯಿ ಅಣ್ಣಮ್ಮ ನನ್ನ ಕೈಕೆಳಗೆ ಹದಿನೈದು ವರ್ಷ ಬಾಂಡ್ಲಿಯಲ್ಲಿ ಗಾರೆ ಹೊತ್ತವರು. ಹುಡುಗಿಯ ಕೈ ಚೆನ್ನಾಗಿತ್ತು, ಹಾಜರಿ ಮಾತ್ರ ಹರುಕು. ತಿಂಗಳಿಗೆ ನಾಲ್ಕೈದು ದಿನ ಬರುತ್ತಿರಲಿಲ್ಲ. ನಾನು ದಡ್ಡ, ಸೋಮಾರಿತನವೆಂದು ತಿಳಿದು ತಾಯಿಯನ್ನು ಕರೆಸಿ, ಹೀಗಾದರೆ ಹೆಸರು ತೆಗೆಯಬೇಕಾಗುತ್ತದೆ ಎಂದೆ. ಅಣ್ಣಮ್ಮ ಅಂದರು: "ಸ್ಕೂಲ್ ಸುತ್ತಲೂವೆ ಬಯ್ಲು ಮೇಸ್ತ್ರಿ. ಆ ದಿನ್ದಲ್ಲಿ ಎಣ್ ಮಗೀನ ಎಲ್ಲಿಗೆ ಕಳ್ಸ್ಲಿ? ವರ್ಸ ವರ್ಸ ಗೋಡೆ ಕಟ್ಟಿ ಕೆಡವ್ತೀರಂತೆ. ಕೆಡವ್ದೆ ಅಂಗೇ ಬುಟ್ರೆ ನನ್ ಮಗ್ಳು ಅದ್ರ ಮರೆಗಾದ್ರೂ ಓಯ್ತಾಳೆ." ಶಾಲೆಯಲ್ಲಿ ನೂರ ಹತ್ತು ಹೆಣ್ಣುಮಕ್ಕಳಿದ್ದಾರೆ. ನಾನು ಎರಡು ವರ್ಷದಿಂದ ಅದೇ ಮೈದಾನದಲ್ಲಿ ನಿಂತು ಗೋಡೆಯ ಪಾಠ ಮಾಡುತ್ತಿದ್ದೆ. ಆ ದಿನ ನನಗಾದ ನಾಚಿಕೆಯನ್ನು ಬಚ್ಚಿಟ್ಟುಕೊಳ್ಳುವುದಿಲ್ಲ.

ಮಾರನೆಯ ದಿನ ತರಗತಿಯಲ್ಲಿ, ಈ ಸಲ ಕೆಡವದ ಗೋಡೆ ಕಟ್ಟೋಣ ಎಂದೆ. ಯಾತಕ್ಕೆಂದು ಹೇಳಿದಾಗ ಹುಡುಗರು ಮುಸಿಮುಸಿ ನಕ್ಕರು. ಪ್ರಮೀಳಾ ನಗಲಿಲ್ಲ, ಎದ್ದು ಹೋಗಿ ಸುಣ್ಣದ ಪುಡಿ ತಂದು ಅಳತೆ ಹಾಕಲು ನಿಂತಳು. ಆಮೇಲೆ ಯಾರೂ ನಗಲಿಲ್ಲ. ಇಲಾಖೆಯ ಸಾವಿರ ಇಟ್ಟಿಗೆ ಸಾಲದೆ, ಮನೆ ಕಟ್ಟಿಸಿ ಉಳಿದಿದ್ದ ಇಟ್ಟಿಗೆ, ಸಿಮೆಂಟು ಊರಿನವರು ಕೊಟ್ಟರು. ಚಪ್ಪಡಿ ಕಲ್ಲು ನಾಗಮಂಗಲದ ಕಡೆಯಿಂದ ಒಬ್ಬರ ಟ್ರಾಕ್ಟರಿನಲ್ಲಿ ಬಂತು. ವಕ್ರ ಗೋಡೆಯ ತಿಮ್ಮರಾಜು ಆಗ ಹತ್ತನೇ ತರಗತಿ, ವಿಷಯವೂ ಅವನದ್ದಲ್ಲ. ಆದರೂ ಸಂಜೆ ಬಂದು ನಿಲ್ಲುತ್ತಿದ್ದ. ಒಂದು ಸಾಲು ಕಾಲಿಂಚು ಹೊರಗೆ ಬಂದಿದೆಯೆಂದು ತಾನೇ ತೂಕದ ಗುಂಡು ಹಿಡಿದು ತೋರಿಸಿ, ಬಿಚ್ಚಿಸಿ ಮತ್ತೆ ಕಟ್ಟಿಸಿದ. ಕೊನೆಯ ದಿನ ಅಣ್ಣಮ್ಮ ಬಂದು ಮಗಳು ಇಟ್ಟ ಸಾಲು ಯಾವುದೆಂದು ಕೇಳಿ ಅದನ್ನು ಸವರಿ ನೋಡಿದರು. ಹದಿನೈದು ವರ್ಷದಲ್ಲಿ ಒಂದು ದಿನವೂ ನಾನು ಅವರ ಕೈಗೆ ಗಾರೆ ಬಳಿಯುವ ಕರಣೆ ಕೊಟ್ಟಿರಲಿಲ್ಲ. ಗಾರೆ ಹೊರುವುದು ಹೆಂಗಸರು, ಇಟ್ಟಿಗೆ ಇಡುವುದು ಗಂಡಸರು ಎಂಬುದನ್ನು ನಾನೂ ಪ್ರಶ್ನಿಸಿದವನಲ್ಲ. ಮಗಳ ಹಾಜರಿ ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಬೇಕಿದ್ದರೆ ಪುಸ್ತಕ ತರಿಸಿ ನೋಡಿ.

ಜನವರಿಯಲ್ಲಿ ತಮ್ಮ ತಪಾಸಣಾ ತಂಡ ಜೀಪಿನಲ್ಲಿ ಬಂತು. ಅದರಲ್ಲಿದ್ದ ಮೇಡಂ ಒಬ್ಬರು ದೂರದಿಂದ ಬಂದಿದ್ದರು. ಪ್ರಮೀಳಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಕೇಳಿದರು. ಅವಳು ಒಂದು ಬಕೆಟ್ಟು ನೀರು ತಂದಿಟ್ಟಳು. ಮೇಡಂ ಒಳಗೆ ಹೋಗಿ ಬಂದರು, ಕೈ ತೊಳೆದರು, ಒರೆಸಿಕೊಂಡರು, ಆಮೇಲೆ ಸದರಿ ಕಟ್ಟಡವು ಅನುಮೋದಿತ ನಕ್ಷೆಯಿಲ್ಲದ, ದಾಸ್ತಾನು ಇಟ್ಟಿಗೆಗಳನ್ನು ದುರ್ಬಳಕೆ ಮಾಡಿದ ಅನಧಿಕೃತ ನಿರ್ಮಾಣವೆಂಬ ವರದಿಗೆ ಸಹಿ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಹಿ ಹಾಕುವಾಗ ತಲೆ ತಗ್ಗಿಸಿದ್ದನ್ನು ಕಂಡಿದ್ದೇನೆ.

ನನ್ನ ಸಿಟ್ಟು ಇರುವುದು ತಮ್ಮ ಮೇಲೆ. ಗೋಡೆಯನ್ನು ಕೆಡವಿ, ಇಟ್ಟಿಗೆಗಳನ್ನು ಶುಚಿಗೊಳಿಸಿ ದಾಸ್ತಾನಿಗೆ ಜಮಾ ಮಾಡತಕ್ಕದ್ದು ಎಂದಿದ್ದೀರಿ. ಕಟ್ಟಡ ಕಸುಬಿನ ಯೋಜನೆ ನಡೆಸುವ ತಮಗೆ, ಸಿಮೆಂಟು ಹಿಡಿದ ಇಟ್ಟಿಗೆ ಇಡಿಯಾಗಿ ಕಿತ್ತು ಬರುವುದಿಲ್ಲವೆಂದು ಯಾರೂ ಹೇಳಲಿಲ್ಲವೇ? ಒಂಬತ್ತನೇ ತರಗತಿಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ತಮ್ಮ ಸಾವಿರ ಇಟ್ಟಿಗೆಯ ಬದಲಿಗೆ ಸಾವಿರ ಹೊಸ ಇಟ್ಟಿಗೆಯನ್ನು ನಾನೇ ತಂದು ಜೋಡಿಸಿಡುತ್ತೇನೆಂದು ಮೂರು ಅರ್ಜಿಯಲ್ಲೂ ಬರೆದಿದ್ದೆ. ನಕ್ಷೆ ಬೇಕೆಂದರೆ ಪ್ರಮೀಳಾ ಬರೆದ ನಕ್ಷೆ ಇದೆ, ಅಳತೆಯಲ್ಲಿ ಒಂದು ತಪ್ಪು ತೋರಿಸಿ. ಇನ್ನೇನು ಉಳಿಯಿತು? ಅಂಕವೋ? ಕೆಟ್ಟ ಗೋಡೆ ಕಟ್ಟಿ ಕೆಡವಿದ ತಂಡವನ್ನು ಪೂರಾ ಪಾಸು ಮಾಡಿದಿರಿ. ಒಳ್ಳೆಯ ಗೋಡೆ ಕಟ್ಟಿ ಉಳಿಸಿಕೊಂಡವರನ್ನು ಫೇಲು ಮಾಡಲು ಹೊರಟಿದ್ದೀರಿ. ಹೀಗೆ ಕಲಿತ ಮಕ್ಕಳು ನಾಳೆ ಸೇತುವೆ ಕಟ್ಟಿದರೆ ಅದರ ಮೇಲೆ ತಾವು ಜೀಪಿನಲ್ಲಿ ಹೋಗುತ್ತೀರಾ?

ಆದೇಶ ಬಂದ ದಿನ ತರಗತಿಯಲ್ಲಿ ಓದಿ ಹೇಳಿದೆ. ಅಂಕ ಹೋದರೆ ಹೋಗಲಿ, ಹಾರೆ ಮುಟ್ಟುವುದಿಲ್ಲವೆಂದು ಹುಡುಗರು ಕೂತುಬಿಟ್ಟರು. ಪ್ರಮೀಳಾ ಮಾತ್ರ ಎದ್ದು, "ಎಲ್ರ ನಂಬ್ರೂ ಓಯ್ತವೆ ಸಾ. ನನ್ನಿಂದ ಬ್ಯಾಡ. ಕೆಡವ್ಬುಡಿ, ನಾನು ಮನೇಲೇ ಇರ್ತೀನಿ" ಎಂದಳು. ಹದಿನಾಲ್ಕು ವರ್ಷದ ಹುಡುಗಿಯ ಬಾಯಲ್ಲಿ ತಾವು ಈ ಮಾತನ್ನು ಹೇಳಿಸಿದಿರಿ. ಅಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆದೇಶ ಹಿಂತೆಗೆದುಕೊಳ್ಳಿ, ಹತ್ತೊಂಬತ್ತು ಮಕ್ಕಳ ಅಂಕ ಕೊಡಿ. ಶಿಕ್ಷೆ ಯಾರಿಗಾದರೂ ಆಗಲೇಬೇಕೆಂದರೆ ನನ್ನನ್ನು ತೆಗೆದುಹಾಕಿ, ಕರಣೆ ಇನ್ನೂ ನನ್ನ ಹತ್ತಿರವೇ ಇದೆ. ಅದೂ ಆಗದು, ಗೋಡೆ ಬೀಳಲೇಬೇಕು ಎಂದಾದರೆ ಮಕ್ಕಳ ಕೈಯಲ್ಲಿ ಮಾಡಿಸಬೇಡಿ, ನಾನೂ ಮಾಡುವುದಿಲ್ಲ. ತಾವೇ ಬನ್ನಿ, ಹಾರೆ ಕೊಡುತ್ತೇನೆ. ಶಾಲೆಯ ಹಿಂಭಾಗದಲ್ಲಿದೆ, ಹೊಸ ಸುಣ್ಣ ಬಳಿದಿದೆ, ದೂರದಿಂದಲೇ ಕಾಣುತ್ತದೆ. ಒಂದೇ ಒಂದು ಮಾತು. ಹಾರೆ ಎತ್ತುವ ಮೊದಲು ದಯವಿಟ್ಟು ಬಾಗಿಲು ತಟ್ಟಿ. ಒಳಗೆ ಯಾವುದಾದರೂ ಮಗು ಇರಬಹುದು.

ಇಂತಿ,
ಕಟ್ಟುವುದನ್ನಷ್ಟೇ ಕಲಿತು, ಕೆಡವುವ ಪರೀಕ್ಷೆಯಲ್ಲಿ ಮೂರನೇ ಸಲ ಫೇಲಾಗಲು ಸಿದ್ಧನಿರುವ
ಮಾಯಣ್ಣ, ಗಾರೆ ಮೇಸ್ತ್ರಿ
(ಸದ್ಯಕ್ಕೆ ಅರೆಕಾಲಿಕ ಬೋಧಕ)