ಬಣ್ಣವಿಲ್ಲದ ಗೇಟು

ಸ್ತುದೆನಾ ಹಳ್ಳಿ, ರೊಡೋಪಿ ಬೆಟ್ಟ
ನವೆಂಬರ್ ೯

ನನ್ನ ಮುದ್ದು ಕಲಿನಾ,

ಸೋಫಿಯಾ ತಲುಪಿದೆಯಂತೆ, ಬಸ್ಸಿನವನು ಹೇಳಿದ. ಅಜ್ಜಿಗೆ ಒಂದು ಮಾತು ತಿಳಿಸಿದ್ದರೆ ನಿನ್ನ ಬೆರಳು ಸವೆಯುತ್ತಿತ್ತೆ? ಇರಲಿ. ನಿನ್ನ ಅಮ್ಮ ಗೇಟು ದಾಟಿ ಬರುವ ಭಾಗವನ್ನು ನಿನ್ನ ಸಿನಿಮಾದಲ್ಲಿ ಉಳಿಸಲೋ ಕತ್ತರಿಸಲೋ ಎಂದು ಕೇಳಿ ಹೋದೆಯಲ್ಲ, ಅದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ನಾಲ್ಕನೇ ತರಗತಿಯ ಅಕ್ಷರ, ನಗಬೇಡ.

ಮೊದಲು ಜಗಳ ಮುಗಿಸುತ್ತೇನೆ. ಚಳಿಗಾಲವೆಲ್ಲ ಕೂತು ನೇಯ್ದ ಕೆಂಪು ಏಪ್ರನ್ ಕಟ್ಟಿಕೊಂಡು ನಿನ್ನ ಕ್ಯಾಮೆರಾ ಮುಂದೆ ನಿಂತೆ. ನೀನು ಸಿನಿಮಾದಲ್ಲಿ ಅದನ್ನು ಇದ್ದಿಲುಗಪ್ಪು ಮಾಡಿಟ್ಟೆ! ಬಣ್ಣಕ್ಕೇನು ಬರಗಾಲವೇ ಎಂದು ಕೇಳಿದರೆ, "ಬಣ್ಣ ಕಣ್ಣು ಕುಕ್ಕುತ್ತೆ ಅಜ್ಜಿ" ಅಂದೆ. ಸುಳ್ಳಿ.

ಭಾನುವಾರ ಊರ ಸಭಾಭವನದಲ್ಲಿ ನೀನು ಸಿನಿಮಾ ತೋರಿಸಿದಾಗ ಪಕ್ಕದ ಮನೆಯ ಗೆರ್ಗಾ ನನಗೆ ಅಂಟಿಕೊಂಡೇ ಕೂತಿದ್ದಳು. ಪರದೆ ಬೆಳಗಿದ ಕೂಡಲೇ, "ಅಯ್ಯೋ ವೆಲಾ, ಬದುಕಿರುವಾಗಲೇ ನಮ್ಮನ್ನೆಲ್ಲ ಗೇಟಿಗೆ ಅಂಟಿಸಿಬಿಟ್ಟಳಲ್ಲೇ ನಿನ್ನ ಮೊಮ್ಮಗಳು!" ಅಂದಳು. ನಿಜವೇ. ನಮ್ಮೂರಲ್ಲಿ ಕಪ್ಪು ಬಿಳುಪಾಗಿ ಕಾಣುವವರು ಸತ್ತವರು ಮಾತ್ರ. ಅವರ ಫೋಟೊ ಇರುವ ಸಾವಿನ ಕಾಗದವನ್ನು ವರ್ಷವರ್ಷವೂ ಗೇಟಿಗೆ ಹೊಸದಾಗಿ ಅಂಟಿಸುತ್ತೇವೆ. ಗೆರ್ಗಾ ಪರದೆಯ ಮೇಲೆ ತನ್ನನ್ನೇ ಕಂಡು, ಅಭ್ಯಾಸಬಲದಿಂದ ಎದೆಯ ಮೇಲೆ ಶಿಲುಬೆ ಗುರುತು ಮಾಡಿ, "ದೇವರು ಅವಳ ಆತ್ಮಕ್ಕೆ ಶಾಂತಿ ಕೊಡ್ಲಿ" ಅಂದುಬಿಟ್ಟಳು. "ನೀನಿನ್ನೂ ಸತ್ತಿಲ್ಲ ಕಣೇ, ಬಾಯಿ ಮುಚ್ಚು" ಅಂದೆ.

ಅಷ್ಟರಲ್ಲಿ ಗೇಟಿನ ಭಾಗ ಬಂತು.

ಪರದೆಯ ಮೇಲೆ ನಾನು, ಈಗಿನ ಮುದುಕಿ, ಅಗುಳಿ ಸರಿಸಿ ಗೇಟು ತೆರೆದೆ. ಆಚೆಯಿಂದ ನನ್ನ ಮಗಳು ದಾಫಿನಾ, ನಿನ್ನ ಅಮ್ಮ, ಬಂದಳು. ಮದುವೆಗೂ ಮುಂಚಿನ ದಾಫಿನಾ, ಹೆಗಲ ಅಡ್ಡೆಯಲ್ಲಿ ಎರಡು ತಾಮ್ರದ ಕೊಡ ಹೊತ್ತು ಬಂದು, ನನ್ನ ಮುಖ ನೋಡಿ ನಕ್ಕಳು. ಶಾಲೆಯ ಮೇಷ್ಟ್ರು ಆಗ ತೆಗೆದಿದ್ದ ಹಳೆಯ ರೀಲು ಅದು, ನನಗೆ ಗೊತ್ತು. ಆದರೆ ಅದನ್ನೂ ನಿನ್ನದನ್ನೂ ಸೇರಿಸಿದ ಹೊಲಿಗೆ ಎಲ್ಲಿ? ನನ್ನ ಬೂದು, ಅವಳ ಬೂದು ಒಂದೇ. ನನ್ನ ಏಪ್ರನ್ ಕೆಂಪಾಗಿಯೇ ಇದ್ದಿದ್ದರೆ ನಾನು ಈಚೆ, ಅವಳು ಆಚೆ ಉಳಿಯುತ್ತಿದ್ದೆವು. ಅದಕ್ಕೇ ಅಲ್ಲವೇನೇ ಕಳ್ಳಿ, ನೀನು ಬಣ್ಣ ಬಿಟ್ಟದ್ದು? ನೀನು ತೊಟ್ಟಿಲಲ್ಲಿದ್ದಾಗ ತೀರಿಹೋದ ಅಮ್ಮನನ್ನು ಮನೆಯೊಳಗೆ ಕರೆಯಲು ನಿನಗೆ ಬೇರೆ ದಾರಿ ಇರಲಿಲ್ಲ.

ಅಂದಿನಿಂದ ಗೇಟು ಕಿರ್ರೆಂದರೆ ಎದ್ದು ಹೋಗುತ್ತೇನೆ. ಗಾಳಿ, ಅಷ್ಟೇ. ನಮ್ಮ ನಾಯಿ ಮಾತ್ರ ಬೊಗಳುವುದಿಲ್ಲ, ಬಾಲ ಅಲ್ಲಾಡಿಸುತ್ತದೆ.

ಕತ್ತರಿಸು ಎಂದು ಬರೆಯಲೆಂದೇ ಪೆನ್ನು ಹಿಡಿದಿದ್ದೆ. ಒಳಗೆ ಬಂದವಳನ್ನು ಮತ್ತೆ ಹೊರಗೆ ಕಳಿಸಲು ಕೈ ಬರಲಿಲ್ಲ. ಇರಲಿ ಬಿಡು ಅವಳು.

ನಿನ್ನ ಕೆಟ್ಟ ಬಾಯಿಯ ಅಜ್ಜಿ,
ವೆಲಾ

ಬರೆಯಲು ಮರೆತಿದ್ದೆ: ನಿನ್ನ ಅಮ್ಮ ಹೋದ ದಿನ ಇವತ್ತೇ. ಅಚ್ಚು ಹಾಕಿಸಿ ತಂದ ಅವಳ ಹೊಸ ಸಾವಿನ ಕಾಗದ ಒಲೆಯ ಪಕ್ಕ ಸುರುಳಿಯಾಗಿಯೇ ಬಿದ್ದಿದೆ. "ಯಾಕೆ ವೆಲಾ, ಈ ಸಲ ಅಂಟಿಸ್ಲಿಲ್ವಾ?" ಎಂದು ಗೆರ್ಗಾ ಕೇಳಿದಳು. ಅಂಟು ಮುಗಿದಿದೆ ಅಂದೆ. ಡಬ್ಬಿ ತುಂಬ ಇದೆ. ಗೇಟಿಗೆ ಅಗುಳಿಯನ್ನೂ ಹಾಕಿಲ್ಲ.