ಶಾರವ್ವನೆಂಬ ಕ್ಷುದ್ರಗ್ರಹ

ಇಳಕಲ್ಲ
೯ ಮಾರ್ಚ್ ೨೦೨೫

ಚಿರಂಜೀವಿ ಸಿದ್ಧಾರ್ಥನಿಗೆ, ನಿಮ್ಮ ಓಣಿಯ ಶಾರವ್ವ ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಉಸಿರಾಡಿಕೊಂಡಿದ್ದೇನೆ, ನೀವೆಲ್ಲ ಅಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಆಕಾಶದಲ್ಲಿ ಕಂಡುಹಿಡಿದ ಕಲ್ಲಿಗೆ ನನ್ನ ಹೆಸರಿಟ್ಟು ತಿಂಗಳುಗಳೇ ಕಳೆದವು. ಮುದುಕಿ ಒಂದು ಸಾಲೂ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಸಿಟ್ಟು ನನ್ನಲ್ಲೇ ಬೇಕಾದಷ್ಟಿದೆ.

ಮೊದಲು ಸಂಭ್ರಮವೇ ಇತ್ತಪ್ಪ. ಬಾಗಲಕೋಟೆಯಲ್ಲಿ ಶಾಲು ಹೊದಿಸಿದರು. ರೇಡಿಯೋದಲ್ಲಿ ಜೋಗುಳ ಹಾಡಿದವಳು, ಹುನಗುಂದದಿಂದ ಬಾದಾಮಿಯವರೆಗೆ ಯಾರ ಮನೆಯ ಕೂಸಿಗೆ ಹೆಸರಿಟ್ಟರೂ ತೊಟ್ಟಿಲ ಪಕ್ಕ ಕೂತು ಹಾಡಿದವಳು, ಈಗ ಆಕಾಶಕ್ಕೇರಿದಳು ಎಂದು ಭಾಷಣ ಮಾಡಿದರು. ನಾನೂ ಉಬ್ಬಿದೆ. ನನ್ನ ತೊಡೆಯ ಮೇಲೆ ನಿದ್ದೆ ಮಾಡಿದ ಹುಡುಗ ಇಟ್ಟ ಹೆಸರು ಎಂದು ಎಲ್ಲರಿಗೂ ಹೇಳಿದೆ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: ‘ಕ್ಷುದ್ರಗ್ರಹಕ್ಕೆ ಶಾರವ್ವನ ಹೆಸರು’.

ಕ್ಷುದ್ರ ಅಂದರೆ ಸಣ್ಣದು ಎಂದು ನಿಮ್ಮ ಪುಸ್ತಕದಲ್ಲಿರಬಹುದು. ನಮ್ಮ ಓಣಿಯಲ್ಲಿ ಕ್ಷುದ್ರ ಅಂದರೆ ಮಾಟ. ಗ್ರಹ ಅಂದರೆ ಎಳೆಕೂಸುಗಳಿಗೆ ಬಡಿಯುವ ಬಾಲಗ್ರಹ. ಗುಳೇದಗುಡ್ಡದ ಸಾವಂತ್ರವ್ವ ಮೊಮ್ಮಗನ ತೊಟ್ಟಿಲಿಗೆ ನನ್ನನ್ನು ಕರೆದಿದ್ದಳು. ಹಿಂದಿನ ದಿನ ಫೋನ್ ಮಾಡಿ, ಕೂಸಿಗೆ ನೆಗಡಿಯಾಗಿದೆ, ಹಾಡು ಬೇಡ ಎಂದಳು. ನಾನು ಬಿಡಲಿಲ್ಲ, ಕೆದಕಿದೆ.

“ತಪ್ಪ ತಿಳಿಬ್ಯಾಡವ್ವ, ನಿನ್ನ ಹೆಸರು ಗ್ರಹಕ್ಕ ಇಟ್ಟಾರಂತಲ್ಲ” ಎಂದಳು.

ಆಮೇಲೆ ಯಾರೂ ಕರೆದಿಲ್ಲ. ಬಸುರಿಯರು ನನ್ನನ್ನು ಕಂಡರೆ ಸೆರಗು ಹೊದ್ದು ಆಚೆ ಬದಿಗೆ ದಾಟುತ್ತಾರೆ. ಮಕ್ಕಳಿಲ್ಲದ ನನಗೆ ಊರವರ ತೊಟ್ಟಿಲುಗಳೇ ಸಂಸಾರವಾಗಿದ್ದವು. ನಿನ್ನ ಕಲ್ಲು ಅದನ್ನೂ ಕಿತ್ತುಕೊಂಡಿತು. ಇಷ್ಟು ಕಲಿತವನು, ಊರಿಗೆ ಬಂದು ನಾಲ್ಕು ಜನರಿಗೆ ತಿಳಿಸಿ ಹೇಳಬಹುದಿತ್ತು.

ಹೋಗಲಿ. ನಿನ್ನ ತಾಯಿಯ ಮೊಣಕಾಲು ನೋವು ಹೇಗಿದೆ? ನೀನು, ನಿನ್ನ ಹೆಂಡತಿ ಭಾಗ್ಯಜ್ಯೋತಿ, ನಿಮ್ಮ ಕೂಸು ನೂರು ಕಾಲ ತಣ್ಣಗೆ ಬಾಳಿ.

ನಿನ್ನ
ಶಾರವ್ವ

ತಾ.ಕ.: ನಿನ್ನ ಮಗಳ ತೊಟ್ಟಿಲ ದಿನ ಹುನಗುಂದದ ನಿಮ್ಮ ಅತ್ತೆಯ ಮನೆಗೆ ಬಂದಿದ್ದೆ. ನನ್ನನ್ನು ಕರೆಯಲು ಮರೆತಿದ್ದೀರಿ ಎಂದುಕೊಂಡಿದ್ದೆ. ನಿಮ್ಮ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಕೇಳಿ ಬರುತ್ತೇನೆ ಎಂದು ಒಳಗೆ ಹೋದರು. ಕಲ್ಲಿಗೆ ನನ್ನ ಹೆಸರಿಟ್ಟವನೇ ಒಳಗಿದ್ದಾನಲ್ಲ ಎಂದು ನಾನು ಚಪ್ಪಲಿ ಬಿಟ್ಟೆ. ಆಗ ನಿನ್ನ ದನಿ ಕೇಳಿಸಿತು: “ನಾ ಏನ ಇದನ್ನೆಲ್ಲಾ ನಂಬೂದಿಲ್ರಿ. ಆದ್ರೂ ಸಣ್ಣ ಕೂಸೈತಿ, ಆಕಿ ಹೊರಗ ಇರ್ಲಿ.” ಆಮೇಲೆ ಮೊಬೈಲಿನಲ್ಲಿ ನನ್ನದೇ ಜೋಗುಳ ಹಚ್ಚಿದಿರಿ. ಅಳುತ್ತಿದ್ದ ಕೂಸು ಸುಮ್ಮನಾಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದೆ.