ಸವತಿಗೆ ಊಟ

ಅಪ್ಪ,

ಈ ಕಾಗದ ನಿನಗೆ ತಲುಪಲ್ಲ ಅಂತ ಗೊತ್ತಿದ್ರೂ ಬರೀತಿದ್ದೀನಿ, ಯಾಕಂದ್ರೆ ಇವತ್ತಿನ ಸುದ್ದಿ ಕೇಳಿದ್ರೆ ನೀನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ.

ನೀನು ಕಿಟಕಿ ಹತ್ರ ಸಾಕಿದ್ದ ನೊಣ ತಿನ್ನೋ ಗಿಡಕ್ಕೆ ಅಮ್ಮ ಊಟ ಮಾಡಿಸ್ತಿದ್ಲು. ಅದನ್ನ 'ನನ್ನ ಸವತಿ' ಅಂತ ಮೂತಿ ತಿರುಗಿಸ್ತಿದ್ದ ಅದೇ ಅಮ್ಮ. ನಿನ್ನ ವಾಚ್ ರಿಪೇರಿ ಚಿಮಟದಲ್ಲಿ ಸತ್ತ ನೊಣ ಎತ್ತಿ ಎಲೆಯ ಬಾಯಿಗಿಟ್ಲು. ಎಲೆ ಮುಚ್ಕೊಂಡ ಮೇಲೂ ಬಿಡದೆ, ಹೊರಗಿಂದ ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ನಿಂತಿದ್ಲು.

"ಅದ್ಯಾಕಮ್ಮ ಹಾಗೆ?" ಅಂದೆ.

"ಒಳಗೆ ಮಿಸುಕಾಡ್ತಿರಬೇಕು ಕಣೋ. ಸತ್ತಿದೆ ಅಂತ ಗೊತ್ತಾದ್ರೆ ಇವಳು ತಿನ್ನದೆ ಬಾಯಿ ಬಿಟ್ಬಿಡ್ತಾಳೆ. ನಿಮ್ಮಪ್ಪ ಹೀಗೇ ಮಾಡ್ತಿದ್ರು."

ನೀನು ಇದನ್ನೆಲ್ಲ ಹೇಳಿಕೊಡ್ತಿದ್ದದ್ದು ನನಗೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ತಾ ಇರ್ತಿದ್ಲು. ಕಲಿತದ್ದು ಮಾತ್ರ ಅವಳೇ.

"ತಿನ್ನೇ ಮಹಾರಾಯ್ತಿ, ಅವರಿಲ್ಲ ಅಂತ ಉಪವಾಸ ಕೂತ್ಕೋಬೇಡ," ಅಂತ ಸವತೀನ ಗದರಿದ್ಲು. ಆಮೇಲೆ ಚಿಮಟ ಒರೆಸಿಟ್ಟು, ಮೇಜಿನ ಮೇಲಿದ್ದ ನಿನ್ನ ಹಳೇ ವಾಚಿಗೆ ಕೀ ಕೊಟ್ಟು, ಕಿವಿಗೆ ಹಿಡ್ಕೊಂಡು ಕೂತ್ಲು.